ಹನಿಯ ಲೆಕ್ಕ ಸಾಲದು: ಮನೆಯ ಮುಲಾಮು, ಸಾಬೂನುಗಳಿಗೆ ಸುಗಂಧ ತೈಲ ಬೆರೆಸುವ ಮುನ್ನ

ಕೊಬ್ಬರಿ ಎಣ್ಣೆಯ ಡಬ್ಬಿಯಲ್ಲಿ ಲಾವಂಚದ ಬೇರನ್ನು ನೆನೆಹಾಕಿ, ಆ ಎಣ್ಣೆಯನ್ನು ತಲೆಗೆ ಹಚ್ಚಿಕೊಳ್ಳುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇತ್ತು, ಕೆಲವೆಡೆ ಈಗಲೂ ಇದೆ. ಬೇರು ವಾರಗಟ್ಟಲೆ ನೆನೆದರೂ ಎಣ್ಣೆಗೆ ಇಳಿಯುವ ಪರಿಮಳ ಬಹಳ ಸ್ವಲ್ಪ. ಒಂದು ಹಿಡಿ ಹಾಕಿದರೂ ಎರಡು ಹಿಡಿ ಹಾಕಿದರೂ ಚರ್ಮಕ್ಕೆ ಹೆಚ್ಚಿನ ವ್ಯತ್ಯಾಸವಾಗುತ್ತಿರಲಿಲ್ಲವಾದ್ದರಿಂದ ಅಳೆದು ಹಾಕುವ ಅಗತ್ಯವೂ ಬೀಳುತ್ತಿರಲಿಲ್ಲ. ಈಗ ಮನೆಯಲ್ಲೇ ಸಾಬೂನು, ಮುಲಾಮು, ಮೈಗೆ ಹಚ್ಚುವ ಎಣ್ಣೆ ತಯಾರಿಸುವವರ ಮೇಜಿನ ಮೇಲೆ ಇರುವುದು ಬೇರಲ್ಲ, ಬಟ್ಟಿ ಇಳಿಸಿ ತೆಗೆದ ಸುಗಂಧ ತೈಲದ ಹತ್ತು ಮಿಲಿಲೀಟರಿನ ಸೀಸೆ. ಹೆಸರು ಅದೇ ಲಾವಂಚ, ಅದೇ ಲವಂಗ, ಅದೇ ಮಜ್ಜಿಗೆ ಹುಲ್ಲು. ಒಳಗಿರುವ ವಸ್ತುವಿನ ಕಸುವು ಮಾತ್ರ ಎಷ್ಟೋ ಪಟ್ಟು ಹೆಚ್ಚು. ಒಂದು ಕಿಲೋ ಗುಲಾಬಿ ತೈಲಕ್ಕೆ ಮೂರು ಟನ್ನಿಗೂ ಹೆಚ್ಚು ಹೂವು ಬೇಕಾಗುತ್ತದೆ ಎಂಬುದನ್ನು ನೆನೆದರೆ, ಆ ಸೀಸೆಯಿಂದ ಬೀಳುವ ಒಂದು ಹನಿಯ ಹಿಂದೆ ಎಷ್ಟು ಹೂವಿದೆ ಎಂದು ಊಹಿಸಬಹುದು. ಹಳೆಯ ಕೈಯಳತೆಯನ್ನು ಈ ಹೊಸ ಸೀಸೆಗೂ ಬಳಸುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಗಿಡದಿಂದ ಬಂದದ್ದು ಒಳ್ಳೆಯದು, ಕಾರ್ಖಾನೆಯಲ್ಲಿ ತಯಾರಾದದ್ದು ಕೆಟ್ಟದ್ದು ಎಂಬ ಎಣಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು: ತೈಲ ಎಷ್ಟು ಪ್ರಮಾಣದಲ್ಲಿದೆ, ತಯಾರಿಸಿದ ವಸ್ತು ದೇಹದ ಯಾವ ಭಾಗದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಮತ್ತು ಆ ತೈಲ ಎಷ್ಟು ಹಳೆಯದು. ಲವಂಗದ ತೈಲ ಅಪ್ಪಟ ಗಿಡದ್ದೇ ಆದರೂ ಅದರ ಮುಕ್ಕಾಲು ಭಾಗದಷ್ಟು ಯುಜಿನಾಲ್ ಎಂಬ ಒಂದೇ ರಾಸಾಯನಿಕ. ಚರ್ಮಕ್ಕೆ ಗೊತ್ತಾಗುವುದು ಆ ರಾಸಾಯನಿಕವೇ ಹೊರತು ಅದು ಬಂದ ಗಿಡವಲ್ಲ.

ಸುಗಂಧ ದ್ರವ್ಯ ಚರ್ಮಕ್ಕೆ ಎರಡು ಬೇರೆ ಬೇರೆ ರೀತಿಯಲ್ಲಿ ತೊಂದರೆ ಕೊಡುತ್ತದೆ. ಈ ವ್ಯತ್ಯಾಸ ತಿಳಿಯದೆ ಉಳಿದ ಯಾವ ಎಚ್ಚರಿಕೆಯೂ ಅರ್ಥವಾಗುವುದಿಲ್ಲ. ಮೊದಲನೆಯದು ನೇರವಾದ ಉರಿ. ಗಾಢವಾದ ದಾಲ್ಚಿನ್ನಿ ತೈಲ ತಾಗಿದ ಜಾಗ ಕೆಲವೇ ನಿಮಿಷಗಳಲ್ಲಿ ಕೆಂಪಾಗುತ್ತದೆ. ತೊಳೆದು, ಪ್ರಮಾಣ ಕಡಿಮೆ ಮಾಡಿದರೆ ಅಲ್ಲಿಗೆ ಮುಗಿಯಿತು. ಎರಡನೆಯದು ಅಲರ್ಜಿ, ಮತ್ತು ಅದು ಸದ್ದಿಲ್ಲದೆ ಬರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ಆ ರಾಸಾಯನಿಕವನ್ನು ಶತ್ರುವೆಂದು ಗುರುತಿಸಿಕೊಳ್ಳಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು, ಎಷ್ಟೋ ಜನರಲ್ಲಿ ತಿಂಗಳುಗಳ ಬಳಕೆಯೇ ಬೇಕಾಗುತ್ತದೆ, ಮತ್ತು ಆ ಅವಧಿಯಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ. ಒಮ್ಮೆ ಗುರುತಿಸಿಕೊಂಡ ಮೇಲೆ ಅದು ಬಹುಮಟ್ಟಿಗೆ ಜೀವನಪೂರ್ತಿ ಉಳಿಯುತ್ತದೆ. ಆಮೇಲೆ ತೀರ ಅಲ್ಪ ಪ್ರಮಾಣ ತಾಗಿದರೂ ಒಂದೆರಡು ದಿನಗಳಲ್ಲಿ ತುರಿಕೆ, ಗುಳ್ಳೆ, ಸಿಪ್ಪೆ ಏಳುವುದು ಶುರುವಾಗುತ್ತದೆ. ಆ ರಾಸಾಯನಿಕ ಅಂಗಡಿಯ ಶ್ಯಾಂಪೂವಿನಲ್ಲಿ, ಪಾತ್ರೆ ತೊಳೆಯುವ ಸಾಬೂನಿನಲ್ಲಿ, ಬೇರೆಯವರು ಹಚ್ಚಿಕೊಂಡ ಅತ್ತರಿನಲ್ಲಿ ಇದ್ದರೂ ಅಷ್ಟೇ. ನನ್ನ ಮಟ್ಟಿಗೆ, ಉರಿಗಿಂತ ಹೆಚ್ಚಾಗಿ ಹೆದರಬೇಕಾದದ್ದು ಇದಕ್ಕೆ. ಏಕೆಂದರೆ ಇದನ್ನು ಮರಳಿ ಸರಿಪಡಿಸಲು ಬರುವುದಿಲ್ಲ.

ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು ನೋಡುವ ಪರೀಕ್ಷೆಯ ಮಿತಿಯೂ ಇದರಿಂದ ತಿಳಿಯುತ್ತದೆ. ಈಗಾಗಲೇ ಅಲರ್ಜಿ ಇರುವವರನ್ನು ಮತ್ತು ತಕ್ಷಣದ ಉರಿಯನ್ನು ಅದು ಹಿಡಿದುಕೊಡಬಲ್ಲದು, ಆದ್ದರಿಂದ ಅದನ್ನು ಬಿಡಬಾರದು. ಆದರೆ ಮುಂದೆ ಅಲರ್ಜಿ ಬರುವುದೇ ಇಲ್ಲವೆಂದು ಅದು ಹೇಳಲಾರದು. ಇನ್ನೊಂದು ಮಾತು: ಪರೀಕ್ಷೆಗೆ ಹಚ್ಚಬೇಕಾದದ್ದು ತಯಾರಾದ ಮುಲಾಮನ್ನೇ ಹೊರತು ಸೀಸೆಯಲ್ಲಿರುವ, ಏನೂ ಬೆರೆಸದ ಗಟ್ಟಿ ತೈಲವನ್ನಲ್ಲ. ಗಟ್ಟಿ ತೈಲವನ್ನು ಹಚ್ಚಿ ಪರೀಕ್ಷಿಸಿದರೆ ಆ ಪರೀಕ್ಷೆಯೇ ಅಲರ್ಜಿಗೆ ಬೀಜ ಬಿತ್ತಬಹುದು.

ಹಾಗಾದರೆ ಎಷ್ಟು ಹಾಕಬೇಕು? ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ರಾ 1973ರಲ್ಲಿ ಆರಂಭವಾಯಿತು. ತುಟಿಗೆ ಹಚ್ಚುವುದು, ಕಂಕುಳಿಗೆ ಹಚ್ಚುವುದು, ಮೈಮೇಲೆ ಉಳಿಯುವುದು, ಹಚ್ಚಿ ತೊಳೆದುಬಿಡುವುದು ಎಂಬಂತೆ ಉತ್ಪನ್ನಗಳನ್ನು ವರ್ಗಗಳಾಗಿ ವಿಂಗಡಿಸಿ, ಒಂದೊಂದು ವರ್ಗಕ್ಕೂ ಒಂದೊಂದು ರಾಸಾಯನಿಕದ ಗರಿಷ್ಠ ಮಿತಿಯನ್ನು ಅದು ಗೊತ್ತುಮಾಡುತ್ತದೆ. ಸುಗಂಧ ತೈಲಗಳ ಸುರಕ್ಷತೆಯನ್ನು ಅಧ್ಯಯನ ಮಾಡಿದ ತಜ್ಞರೂ ಚರ್ಮಕ್ಕೆ ಹಚ್ಚುವ ಪ್ರಮಾಣಗಳನ್ನು ಸೂಚಿಸಿದ್ದಾರೆ. ಮಜ್ಜಿಗೆ ಹುಲ್ಲಿನ ತೈಲ ಶೇ. 0.7ನ್ನು, ಲವಂಗದ ತೈಲ ಶೇ. 0.5ನ್ನು, ದಾಲ್ಚಿನ್ನಿ ತೊಗಟೆಯ ತೈಲ ಶೇ. 0.07ನ್ನು ಮೀರಬಾರದು, ಗಂಧದೆಣ್ಣೆ ಶೇ. 2ರವರೆಗೆ ಇರಬಹುದು. ಇವು ಒಂದೊಂದು ತೈಲದ ಮಿತಿಗಳು. ಎಲ್ಲ ತೈಲಗಳ ಮೊತ್ತ ಮುಖಕ್ಕೆ ಹಚ್ಚುವುದರಲ್ಲಿ ಶೇ. 0.5ರ ಒಳಗೆ, ಮೈಗೆ ಹಚ್ಚುವುದರಲ್ಲಿ ಶೇ. 1ರ ಆಸುಪಾಸಿನಲ್ಲಿ ಇದ್ದರೆ ಪರಿಮಳಕ್ಕೂ ಸಾಕು, ಚರ್ಮಕ್ಕೂ ಹಿತ. ತೊಳೆದುಹೋಗುವ ಸಾಬೂನಿನಲ್ಲಿ ಮೂಲ ಎಣ್ಣೆಗಳ ತೂಕದ ಶೇ. 3ರವರೆಗೆ ಹಾಕುವುದು ವಾಡಿಕೆ.

ಈ ಅಂಕಿಗಳನ್ನು ಅಡುಗೆಮನೆಯ ಅಳತೆಗೆ ಇಳಿಸಿ ನೋಡಿದಾಗ ತಪ್ಪು ಎಲ್ಲಿ ಆಗುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ನೂರು ಗ್ರಾಂ ಎಳ್ಳೆಣ್ಣೆಗೆ ಮಜ್ಜಿಗೆ ಹುಲ್ಲಿನ ತೈಲವನ್ನು ಒಂದು ಟೀ ಚಮಚ, ಅಂದರೆ ಐದು ಮಿಲಿಲೀಟರು ಸುರಿದರೆ ಅದರ ಪ್ರಮಾಣ ಶೇ. 4ನ್ನು ದಾಟುತ್ತದೆ, ಮಿತಿಗಿಂತ ಸುಮಾರು ಆರು ಪಟ್ಟು. ಒಂದು ಚಮಚ ಎನ್ನುವುದು ಅಡುಗೆಯಲ್ಲಿ ಎಷ್ಟು ಚಿಕ್ಕ ಅಳತೆಯೋ ಇಲ್ಲಿ ಅಷ್ಟೇ ದೊಡ್ಡದು. ಹನಿ ಎಣಿಸಿ ಹಾಕುವುದೂ ನಂಬುವಂಥದ್ದಲ್ಲ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಎಂಬ ಲೆಕ್ಕ ಎಲ್ಲೆಡೆ ಓಡಾಡುತ್ತದೆ, ಆದರೆ ಹನಿಯ ಗಾತ್ರ ಸೀಸೆಯ ಬಾಯಿಯ ಅಗಲ, ತೈಲದ ಮಂದತೆ, ಅಂದಿನ ಸೆಕೆ, ಕೈ ಓರೆ ಮಾಡಿದ ರೀತಿ ಎಲ್ಲದರ ಮೇಲೂ ನಿಂತಿದೆ. ಗಂಧದೆಣ್ಣೆಯದು ತುದಿಯಲ್ಲಿ ತೂಗಾಡಿ, ತುಂಬಿಕೊಂಡು ನಿಧಾನವಾಗಿ ಬೀಳುವ ದಪ್ಪ ಹನಿ. ಕಿತ್ತಳೆ ಸಿಪ್ಪೆಯ ತೈಲ ಎಣಿಸಲು ಬಿಡದೆ ಸರಸರನೆ ಉದುರುತ್ತದೆ. ಆದ್ದರಿಂದ ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯೊಂದು ಈ ಕೆಲಸಕ್ಕೆ ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ ಸಾಮಾನು. ಹೊಸ ತೈಲವೊಂದನ್ನು ಕೊಳ್ಳುವ ಹಣವನ್ನು ಮೊದಲು ತಕ್ಕಡಿಗೆ ಹಾಕಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ದಾಲ್ಚಿನ್ನಿಯಂಥ ತೈಲಕ್ಕೆ ಆ ತಕ್ಕಡಿಯೂ ಸಾಲದು. ನೂರು ಗ್ರಾಂ ಮುಲಾಮಿಗೆ ಶೇ. 0.07 ಎಂದರೆ 0.07 ಗ್ರಾಂ, ಹೆಚ್ಚುಕಡಿಮೆ ಎರಡು ಹನಿಯಷ್ಟು. ಒಂದು ಹನಿ ಜಾಸ್ತಿ ಬಿದ್ದರೆ ಮಿತಿ ಮೀರಿತು. ಇದಕ್ಕೆ ಸುಗಂಧ ತಯಾರಕರು ಹಿಂದಿನಿಂದಲೂ ಮಾಡುತ್ತ ಬಂದಿರುವ ಉಪಾಯವೊಂದಿದೆ. ಒಂದು ಗ್ರಾಂ ದಾಲ್ಚಿನ್ನಿ ತೈಲವನ್ನು ಒಂಬತ್ತು ಗ್ರಾಂ ಬಾದಾಮಿ ಎಣ್ಣೆಗೋ ತಿಳಿಯಾದ ಬೇರಾವುದೋ ಎಣ್ಣೆಗೋ ಸೇರಿಸಿ, ಚೆನ್ನಾಗಿ ಕಲಕಿ, ‘ದಾಲ್ಚಿನ್ನಿ, ಹತ್ತರಲ್ಲಿ ಒಂದು ಪಾಲು’ ಎಂದು ಚೀಟಿ ಅಂಟಿಸಿ ಇಟ್ಟುಕೊಳ್ಳುವುದು. ಆಮೇಲೆ ಮುಲಾಮಿಗೆ ಈ ತಿಳಿ ಮಾಡಿದ ಎಣ್ಣೆಯನ್ನು 0.7 ಗ್ರಾಂ ತೂಗಿ ಹಾಕಿದರೆ ಅದರೊಳಗೆ ಹೋಗುವ ದಾಲ್ಚಿನ್ನಿ ತೈಲ ಸರಿಯಾಗಿ 0.07 ಗ್ರಾಂ. ಈಗ ಒಂದು ಹನಿ ಹೆಚ್ಚಾದರೂ ಆಗುವ ತಪ್ಪು ಹತ್ತನೆಯ ಒಂದರಷ್ಟು ಮಾತ್ರ.

ಹಲವು ತೈಲಗಳನ್ನು ಬೆರೆಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಲವಂಗದಲ್ಲಿರುವ ಯುಜಿನಾಲ್ ದಾಲ್ಚಿನ್ನಿ ಎಲೆಯ ತೈಲದಲ್ಲೂ ಇದೆ, ತುಳಸಿಯ ಹಲವು ಬಗೆಗಳಲ್ಲೂ ಇದೆ. ರೋಷಾ ಹುಲ್ಲಿನ ತೈಲದ ಜಿರೇನಿಯಾಲ್ ಗುಲಾಬಿಯಲ್ಲೂ ಇದೆ. ಒಂದೊಂದನ್ನೂ ಅದರದರ ಮಿತಿಯ ಅಂಚಿನವರೆಗೆ ಹಾಕಿ, ಎಲ್ಲವೂ ನಿಯಮದಲ್ಲೇ ಇವೆ ಎಂದುಕೊಂಡರೆ ಚರ್ಮದ ಮೇಲೆ ಒಂದೇ ರಾಸಾಯನಿಕ ಎರಡು ಮೂರು ಪಟ್ಟು ಸೇರಿರುತ್ತದೆ. ತೈಲಗಳನ್ನಲ್ಲ, ಅವುಗಳೊಳಗಿನ ರಾಸಾಯನಿಕವನ್ನು ಕೂಡಿಸಿ ಲೆಕ್ಕ ಹಾಕಬೇಕು. ಯುರೋಪಿನ ಕಾನೂನು ಹೀಗೆ ಅಲರ್ಜಿ ತರುವ 26 ಸುಗಂಧ ವಸ್ತುಗಳ ಹೆಸರನ್ನು ಚೀಟಿಯ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕೆಂದು ಹೇಳುತ್ತಿತ್ತು. 2023ರಲ್ಲಿ ಆ ಪಟ್ಟಿ 80ನ್ನು ದಾಟಿತು. ಮೈಮೇಲೆ ಉಳಿಯುವ ಉತ್ಪನ್ನದಲ್ಲಿ ಅಂಥ ವಸ್ತು ಶೇ. 0.001ಕ್ಕಿಂತ ಹೆಚ್ಚಿದ್ದರೆ ಸಾಕು, ಹೆಸರು ಹಾಕಲೇಬೇಕು.

ತೈಲದ ವಯಸ್ಸಿನ ವಿಷಯವನ್ನು ನಮ್ಮವರು ಬಹುಮಟ್ಟಿಗೆ ಮರೆತೇಬಿಡುತ್ತಾರೆ. ಕಿತ್ತಳೆ ಸಿಪ್ಪೆಯ ತೈಲದಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಲಿಮೊನೀನ್. ಲ್ಯಾವೆಂಡರಿನಲ್ಲಿ ಲಿನಲೂಲ್ ಹೇರಳವಾಗಿದೆ. ತಾಜಾ ಇರುವಾಗ ಇವೆರಡೂ ಅಷ್ಟೇನೂ ತಂಟೆ ಮಾಡುವುದಿಲ್ಲ. ಆದರೆ ಮುಚ್ಚಳ ತೆಗೆದಾಗಲೆಲ್ಲ ಒಳಹೋಗುವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಇವು ಹೈಡ್ರೋಪೆರಾಕ್ಸೈಡುಗಳಾಗುತ್ತವೆ, ಮತ್ತು ಅಲರ್ಜಿಯನ್ನು ಬಲವಾಗಿ ಹುಟ್ಟಿಸುವುದು ಆ ಪೆರಾಕ್ಸೈಡುಗಳು. ಅಂದರೆ ಕಳೆದ ವರ್ಷ ಒಗ್ಗಿದ ಅದೇ ಸೀಸೆಯ ತೈಲ ಈ ವರ್ಷ ಒಗ್ಗದೆ ಹೋಗಬಹುದು. ಅರ್ಧ ಖಾಲಿಯಾದ ಸೀಸೆಯಲ್ಲಿ ಗಾಳಿ ಹೆಚ್ಚಿರುವುದರಿಂದ ಉಳಿದ ತೈಲವನ್ನು ಚಿಕ್ಕ ಸೀಸೆಗೆ ವರ್ಗಾಯಿಸಬೇಕು; ಕಂದು ಗಾಜಿನ ಸೀಸೆಯಲ್ಲಿ, ತಂಪಾದ ಕತ್ತಲೆಯ ಜಾಗದಲ್ಲಿ, ಸಾಧ್ಯವಾದರೆ ಫ್ರಿಜ್ಜಿನಲ್ಲಿ ಮಕ್ಕಳ ಕೈಗೆ ಸಿಗದ ಬೀಗದ ಡಬ್ಬಿಯೊಳಗೆ ಇಡಬೇಕು; ತೆರೆದ ದಿನಾಂಕವನ್ನು ಸೀಸೆಯ ಮೇಲೆಯೇ ಬರೆಯಬೇಕು. ಸಿಪ್ಪೆಯ ತೈಲಗಳನ್ನು ತೆರೆದ ಒಂದು ವರ್ಷದೊಳಗೆ ಬಳಸಿ ಮುಗಿಸುವುದು ಒಳಿತು. ರಬ್ಬರಿನ ಬುರುಡೆಯಿರುವ ಡ್ರಾಪರನ್ನು ಸೀಸೆಗೇ ಮುಚ್ಚಳವಾಗಿ ಹಾಕಿಡಬಾರದು. ಹಾಗೆ ಬಿಟ್ಟಿದ್ದ ಒಂದು ಸೀಸೆಯನ್ನು ಕೆಲವು ತಿಂಗಳ ನಂತರ ನಾನು ತೆರೆದಾಗ ಕರಿಯ ರಬ್ಬರು ಊದಿಕೊಂಡು ಬೆರಳಿಗೆ ಹಲಸಿನ ಮೇಣದಂತೆ ಅಂಟಿಕೊಂಡಿತು. ತೈಲದ ಬಣ್ಣವೂ ಕಂದಿತ್ತು. ಆವಿಯೊಂದೇ ರಬ್ಬರನ್ನು ಹಾಗೆ ಮಾಡುತ್ತದೆ ಎಂದರೆ ತೈಲ ಏನು ಮಾಡಬಲ್ಲದು ಎಂದು ಅಂದು ಚೆನ್ನಾಗಿ ಮನಸ್ಸಿಗೆ ಇಳಿಯಿತು.

ನಿಂಬೆಯ ಜಾತಿಯ ತೈಲಗಳಿಗೆ ಬಿಸಿಲಿನ ಅಪಾಯವೂ ಅಂಟಿಕೊಂಡಿದೆ. ಸಿಪ್ಪೆಯನ್ನು ಬಿಸಿ ಮಾಡದೆ ಹಿಂಡಿ ತೆಗೆದ ತೈಲದಲ್ಲಿ ಫ್ಯುರಾನೊಕೂಮರಿನ್ ಎಂಬ ಭಾರವಾದ ವಸ್ತುಗಳು ಉಳಿದಿರುತ್ತವೆ. ಅವು ಚರ್ಮದ ಮೇಲಿರುವಾಗ ಸೂರ್ಯನ ಅತಿನೇರಳೆ ಕಿರಣ ಬಿದ್ದರೆ ಸುಟ್ಟ ಗಾಯದಂತೆ ಗುಳ್ಳೆ ಏಳುತ್ತದೆ, ಮಾಸಲು ತಿಂಗಳುಗಳೇ ಹಿಡಿಯುವ ಕಪ್ಪು ಕಲೆ ಉಳಿಯುತ್ತದೆ. ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ತೈಲಕ್ಕೆ ಇಫ್ರಾ ಗೊತ್ತುಮಾಡಿದ ಮಿತಿ ಶೇ. 0.4, ನಾವು ಅಡುಗೆಗೆ ಬಳಸುವ ಸಣ್ಣ ನಿಂಬೆಯ ಹಿಂಡಿದ ತೈಲಕ್ಕೆ ಶೇ. 0.7. ಅದೇ ನಿಂಬೆಯ ಬಟ್ಟಿ ಇಳಿಸಿದ ತೈಲದಲ್ಲಿ ಈ ಭಾರದ ವಸ್ತುಗಳು ಆವಿಯೊಂದಿಗೆ ಮೇಲೇರಿ ಬರುವುದಿಲ್ಲವಾದ್ದರಿಂದ ಆ ಭಯವಿಲ್ಲ. ಕೊಳ್ಳುವಾಗ ಯಾವ ವಿಧಾನದಿಂದ ತೆಗೆದದ್ದೆಂದು ಕೇಳಿ ತಿಳಿಯಬೇಕು. ಕಡಲೆಹಿಟ್ಟಿಗೆ ಹಸಿ ನಿಂಬೆರಸ ಕಲಸಿ ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋಗುವವರಿಗೂ ಇದೇ ಕಾರಣದಿಂದ ಕಲೆ ಬೀಳಬಹುದು.

ಅಂಗಡಿಯಲ್ಲಿ ‘ಪರಿಮಳ’ ಎಂದು ಸಿಗುವುದೆಲ್ಲ ಮೈಗೆ ಹಚ್ಚುವಂಥದ್ದಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಊದುಬತ್ತಿ ಉದ್ಯಮ ದೊಡ್ಡದಾಗಿ ಬೆಳೆದಿರುವುದರಿಂದ ಮಲ್ಲಿಗೆ, ಕೇದಿಗೆ, ಗಂಧದ ಹೆಸರಿನ ‘ಕಾಂಪೌಂಡು’ಗಳು ಸಗಟು ಅಂಗಡಿಗಳಲ್ಲಿ ಸುಲಭವಾಗಿ, ಅಗ್ಗವಾಗಿ ದೊರೆಯುತ್ತವೆ. ಅವುಗಳನ್ನು ಕೂಡಿಸಿರುವುದು ಸುಡುವುದಕ್ಕೆ. ಚರ್ಮದ ಮೇಲಿನ ಮಿತಿಗಳನ್ನು ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರಬೇಕೆಂದಿಲ್ಲ, ಮತ್ತು ತೆಳುಗೊಳಿಸಲು ಡಿಇಪಿ (ಡೈಈಥೈಲ್ ಥ್ಯಾಲೇಟ್) ಎಂಬಂಥ ದ್ರಾವಕ ಸೇರಿರಬಹುದು. ಮೈಸೂರಿನಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆ 1916ರಷ್ಟು ಹಿಂದೆಯೇ ಆರಂಭವಾದ ನಾಡಿನಲ್ಲಿದ್ದೂ, ಕೈಗೆಟಕುವ ಬೆಲೆಗೆ ‘ಅಪ್ಪಟ ಗಂಧದೆಣ್ಣೆ’ ಎಂದು ಮಾರುವುದನ್ನು ನಂಬುವವರಿದ್ದಾರೆ. ಮರದ ತಿರುಳು ಬಲಿಯಲು ದಶಕಗಳೇ ಬೇಕಾದ ವಸ್ತು ಆ ಬೆಲೆಗೆ ಬರಲು ಸಾಧ್ಯವಿಲ್ಲ. ಮಲ್ಲಿಗೆಯ ನಾಜೂಕಾದ ಕಂಪು ಹಬೆಯ ಬಿಸಿಗೆ ಕೆಡುವುದರಿಂದ ಅದನ್ನು ದ್ರಾವಕದಿಂದ ತೆಗೆಯುವುದೇ ರೂಢಿ. ‘ಬಟ್ಟಿ ಇಳಿಸಿದ ಮಲ್ಲಿಗೆ ಎಣ್ಣೆ’ ಎಂದು ಅಗ್ಗಕ್ಕೆ ಮಾರುವವರನ್ನು ಆಗಲೇ ಅನುಮಾನಿಸಬೇಕು. ಮಾರುವವರಲ್ಲಿ ಇಫ್ರಾ ಪ್ರಮಾಣಪತ್ರವನ್ನೂ ಸುರಕ್ಷತಾ ಮಾಹಿತಿ ಪತ್ರವನ್ನೂ ಕೇಳಿ. ತೈಲ ಯಾವ ವರ್ಗದ ಉತ್ಪನ್ನಕ್ಕೆ ಶೇಕಡಾ ಎಷ್ಟು ಹಾಕಬಹುದೆಂದು ಮೊದಲನೆಯದು ಹೇಳುತ್ತದೆ, ಎಷ್ಟು ಉಷ್ಣತೆಗೆ ಅದರ ಆವಿ ಹೊತ್ತಿಕೊಳ್ಳುತ್ತದೆಂದು ಎರಡನೆಯದು. ಕೊಡಲು ಒಪ್ಪದವರಿಂದ ಚರ್ಮಕ್ಕೆ ಹಚ್ಚುವ ವಸ್ತುವನ್ನು ಕೊಳ್ಳಬೇಡಿ.

ಹೊತ್ತಿಕೊಳ್ಳುವ ಮಾತು ಬಂದದ್ದರಿಂದ ಕೆಲಸದ ಜಾಗದ ಬಗ್ಗೆ ಹೇಳಬೇಕು. ಕಿತ್ತಳೆ ತೈಲದ ಆವಿ ಸುಮಾರು 46ರಿಂದ 48 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅತ್ತರನ್ನು ಸ್ಪ್ರೇ ಮಾಡಲು ಬೆರೆಸುವ ಎಥನಾಲ್ ಕೋಣೆಯ ಮಾಮೂಲು ಉಷ್ಣತೆಗೇ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಪಾತ್ರೆಯನ್ನು ಒಲೆಯಿಂದ ದೂರ ತಂದು, ಗ್ಯಾಸ್ ಆರಿಸಿ, ಅಂಚು ಸ್ವಲ್ಪ ಮಸುಕಾಗುತ್ತಿದೆ ಎನ್ನುವಾಗ ತೈಲ ಸೇರಿಸಬೇಕು. ಕುದಿಯುವಂತಿರುವ ಮೇಣಕ್ಕೆ ಹಾಕಿದರೆ ಪರಿಮಳ ಹಾರಿಹೋಗುತ್ತದೆ, ಆ ಆವಿ ನೇರವಾಗಿ ಕಣ್ಣು ಮೂಗಿಗೆ ಹೊಡೆಯುತ್ತದೆ. ದೇವರ ದೀಪ, ಸಾಂಬ್ರಾಣಿಯ ಕೆಂಡ ಅದೇ ಕೋಣೆಯಲ್ಲಿ ಇರಕೂಡದು. ಕಿಟಕಿ ತೆರೆದಿರಲಿ, ಆಸ್ತಮಾ ಇರುವವರು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಬೇಕು, ತೆಳು ಲೇಟೆಕ್ಸಿನ ಮೂಲಕ ತೈಲ ಬೇಗ ಒಳಬರುತ್ತದೆ. ಪಾತ್ರೆ, ಕಡ್ಡಿ ಗಾಜಿನದೋ ಸ್ಟೀಲಿನದೋ ಇರಲಿ. ಥರ್ಮೋಕೋಲ್ ಲೋಟದೊಳಗೆ ಒಂದು ಹನಿ ಕಿತ್ತಳೆ ತೈಲ ಬಿಟ್ಟರೆ ನೋಡನೋಡುತ್ತಲೇ ತಳ ಕರಗಿ ತೂತು ಬೀಳುತ್ತದೆ. ಸಾಬೂನು ಮಾಡುವವರಿಗೆ ಒಂದು ಸೂಚನೆ: ಲವಂಗದ ತೈಲ ಬಿದ್ದೊಡನೆ ಸಾಬೂನಿನ ಹಿಟ್ಟು ಪಾತ್ರೆಯಲ್ಲೇ ಗಟ್ಟಿಯಾಗಿಬಿಡಬಹುದು. ಒಳಗೆ ಇನ್ನೂ ಕಾಸ್ಟಿಕ್ ಸೋಡಾ ಉಳಿದಿರುವ ಆ ಬಿಸಿ ಮುದ್ದೆಯನ್ನು ಅವಸರದಲ್ಲಿ ಕೈಯಿಂದ ಅಚ್ಚಿಗೆ ತುಂಬಲು ಹೋಗಬಾರದು.

ನೀರಿನಲ್ಲಿ ಸುಗಂಧ ತೈಲ ಕರಗುವುದಿಲ್ಲ. ಪನ್ನೀರಿಗೆ ನಾಲ್ಕು ಹನಿ ಬಿಟ್ಟು ಅಲ್ಲಾಡಿಸಿದರೆ ಬೆರೆತಂತೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ತೈಲ ಮೇಲಕ್ಕೆ ತೇಲುತ್ತದೆ, ಆಮೇಲೆ ಮುಖಕ್ಕೆ ಚಿಮುಕಿಸಿದಾಗ ಕಣ್ಣಿಗೆ ಬೀಳುವುದು ಗಟ್ಟಿ ತೈಲವೇ ಆಗಿರಬಹುದು. ಸ್ನಾನದ ನೀರಿನ ಕಥೆಯೂ ಅಷ್ಟೇ. ನೀರಿನೊಂದಿಗೆ ಬೆರೆಯಲೇಬೇಕಿದ್ದರೆ ಪಾಲಿಸಾರ್ಬೇಟ್ 20ರಂಥ ವಸ್ತುವಿನಲ್ಲಿ ಮೊದಲು ತೈಲವನ್ನು ಕಲಸಿಕೊಳ್ಳಬೇಕು. ನೀರಿರುವ ಯಾವುದೇ ತಯಾರಿಕೆಗೆ ಪ್ರತ್ಯೇಕವಾದ ಸಂರಕ್ಷಕವೂ ಬೇಕು, ಚರ್ಮಕ್ಕೆ ಹಿತವಾದ ಪ್ರಮಾಣದ ಸುಗಂಧ ತೈಲ ಬೂಷ್ಟನ್ನು ತಡೆಯುವುದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯನ್ನೂ ನಾನು ಒಪ್ಪಲಾರೆ. ಶೀತವಾದಾಗ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ ಹಚ್ಚುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ, ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಕರ್ಪೂರ ಚರ್ಮದ ಮೂಲಕವೂ ಒಳಸೇರುತ್ತದೆ, ನರಮಂಡಲವನ್ನು ಕೆರಳಿಸಿ ಫಿಟ್ಸ್ ತರಬಹುದು. ನುಂಗಿದರೆ ಒಂದು ಗ್ರಾಂನಷ್ಟೇ ಪುಟ್ಟ ಮಗುವಿನ ಜೀವಕ್ಕೆ ಎರವಾಗಬಹುದು. ಅಮೆರಿಕದಲ್ಲಿ ಹಚ್ಚುವ ಔಷಧಗಳಲ್ಲಿ ಕರ್ಪೂರ ಶೇ. 11ನ್ನು ಮೀರಕೂಡದೆಂಬ ನಿಯಮವಿದೆ. ಮನೆಯಲ್ಲಿ ಕಣ್ಣಳತೆಯಿಂದ ಬಿಲ್ಲೆ ಹಾಕಿದಾಗ ಪ್ರಮಾಣ ಎಷ್ಟಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಕರ್ಪೂರ ಮತ್ತು ನೀಲಗಿರಿ ತೈಲಗಳ ಬಳಕೆಗೂ ಫಿಟ್ಸ್‌ಗೂ ಇರುವ ನಂಟನ್ನು ಬೆಂಗಳೂರಿನ ನರರೋಗ ತಜ್ಞರೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ, ಅದೂ ವಯಸ್ಕರಲ್ಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ನೀಲಗಿರಿ, ಪುದೀನಾ ಹೂವು (ಮೆಂಥಾಲ್) ಇರುವ ಯಾವುದನ್ನೂ ಎದೆಗಾಗಲಿ ಮೂಗಿನ ಬಳಿಗಾಗಲಿ ಹಚ್ಚಬಾರದು. ಮೆಂಥಾಲಿನ ಘಾಟಿಗೆ ಹಸುಳೆಯ ಉಸಿರೇ ಕಟ್ಟಬಹುದು. ಮೂರ್ಛೆರೋಗ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಇವನ್ನು ಬಳಸಬಾರದು. ನೀಲಗಿರಿ ಬೆಟ್ಟಗಳಲ್ಲಿ ಸಿಗುವ ವಿಂಟರ್‌ಗ್ರೀನ್ ತೈಲವನ್ನು ಮಂಡಿನೋವಿನ ಮುಲಾಮಿಗೆ ಹಾಕುತ್ತಾರೆ. ಅದರ ಒಂದು ಟೀ ಚಮಚ ಸುಮಾರು ಏಳು ಗ್ರಾಂ ಆಸ್ಪಿರಿನ್‌ಗೆ ಸಮ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಅಂಥ ಮುಲಾಮು ಹಚ್ಚುವುದೂ ಅಪಾಯ.

ಮಗು ತೈಲ ಕುಡಿದಿದೆ ಎಂದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ, ತೈಲ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಡುಕು. ಲಕ್ಷಣ ಕಾಣಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಸೀಸೆಯನ್ನೂ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಚರ್ಮದ ಮೇಲೆ ಚೆಲ್ಲಿದರೆ ಒಣ ಬಟ್ಟೆಯಿಂದ ಒರೆಸಿ ಸಾಬೂನಿನಿಂದ ತೊಳೆದರೆ ಸಾಕು.

ತಯಾರಿಸಿದ್ದನ್ನು ಅಕ್ಕಪಕ್ಕದವರಿಗೆ, ನೆಂಟರಿಗೆ ಕೊಡುವಾಗ ಡಬ್ಬಿಯ ಮೇಲೆ ಒಳಗಿರುವ ಎಲ್ಲ ತೈಲಗಳ ಹೆಸರು, ಒಂದೊಂದರ ತೂಕ, ತಯಾರಿಸಿದ ದಿನಾಂಕ ಇರಬೇಕು. ಅವರಿಗೆ ಒಗ್ಗದೆ ಹೋದರೆ ಚರ್ಮದ ವೈದ್ಯರು ಮೊದಲು ಕೇಳುವುದು ಅದನ್ನೇ. ಮಾರಾಟಕ್ಕೆ ಇಳಿದರೆ ವಿಷಯ ಬೇರೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯಡಿ ಬಂದ 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ, ಮಾರುವುದಕ್ಕಾಗಿ ತಯಾರಿಸುವವರು ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಪರವಾನಗಿ ಪಡೆಯಲೇಬೇಕು. ಒಂದೊಂದು ಬಾರಿ ತಯಾರಿಸಿದಾಗಲೂ ತೂಕಗಳನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ನೂರು ಗ್ರಾಮಿನ ಮೊದಲ ಮುಲಾಮಿನಿಂದಲೇ ಬೆಳೆಸಿಕೊಂಡವರಿಗೆ ಆ ದಿನ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ ಇರುತ್ತದೆ.